ಮಕ್ಕಳ ಕಾಲೇಜಿನ ಪಟ್ಟಿಯಲ್ಲಿ ನಮ್ಮ ಮಣ್ಣು ಎಲ್ಲಿದೆ?



ಮಗನನ್ನೋ ಮಗಳನ್ನೋ ತಾಲ್ಲೂಕಿನ ಡಿಗ್ರಿ ಕಾಲೇಜಿಗೆ ಸೇರಿಸಿದ್ದೀರಿ. ಕೈಸಾಲವೋ, ಕರು ಮಾರಿದ ದುಡ್ಡೋ, ಫೀಸು ಹೇಗೋ ಹೊಂದಿಸಿದ್ದೀರಿ. ಅಲ್ಲಿ ಮುಖ್ಯ ವಿಷಯಗಳ ಜೊತೆಗೆ ಐಚ್ಛಿಕ ವಿಷಯ ಅಂತ ಒಂದಿರುತ್ತದೆ. ಪಟ್ಟಿಯಲ್ಲಿ ನಾಲ್ಕಾರು ಹೆಸರು. ಹುಡುಗರು ಒಂದನ್ನು ಆರಿಸಿಕೊಳ್ಳಬೇಕು. ಹೇಗೆ ಆರಿಸುತ್ತಾರೆ? ಗೆಳೆಯ ತಗೊಂಡದ್ದನ್ನು ಇವನೂ ತಗೊಳ್ಳುತ್ತಾನೆ. ಇಲ್ಲವೇ ಯಾವ ಮೇಷ್ಟ್ರು ಧಾರಾಳವಾಗಿ ಮಾರ್ಕ್ಸ್ ಹಾಕ್ತಾರೋ ಅವರ ವಿಷಯ. ನೀವೋ, ‘ಓದಿದವರ ವ್ಯವಹಾರ ನಮಗೇನು ತಿಳೀತದೆ’ ಅಂತ ಸುಮ್ಮನಿರುತ್ತೀರಿ.

ಸುಮ್ಮನಿರಬೇಡಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ನೋಡುವವರು ನೀವು. ಈ ಪಟ್ಟಿಯನ್ನೂ ನೋಡಿ. ಅದರಲ್ಲಿ ಮಣ್ಣು, ನೀರು, ಪರಿಸರದ ವಿಷಯವಿದ್ದರೆ ‘ಅದನ್ನೇ ತಗೋ’ ಅಂತ ಹೇಳಿ.

‘ಪರಿಸರವೇ? ಅದು ಪೇಟೆಯವರ ಶೋಕಿ’ ಎನ್ನುತ್ತೀರಿ. ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ಜೂನ್ 5ರಂದು ಗಿಡ ನೆಟ್ಟು ಫೋಟೋ ತೆಗೆಸಿಕೊಂಡು, ಮರುದಿನ ಅದಕ್ಕೆ ಒಂದು ಚೆಂಬು ನೀರು ಹಾಕದವರನ್ನೇ ನಾವು ನೋಡಿರುವುದು. ಆದರೆ ನಿಮ್ಮ ಸಾಲದ ಪುಸ್ತಕ ತೆಗೆದು ನೋಡಿ. ಪರಿಸರದ ಪಾಠ ಅಲ್ಲೇ ಇದೆ.

ಮೊದಲು ಕೊಳವೆಬಾವಿಯ ಸಾಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಸಾಮಾನ್ಯವಾಗಿ ಆಳಕ್ಕೆ ಇಳಿದಷ್ಟೂ ಬಿರುಕು ಕಡಿಮೆ. ಮೇಲಿನ ಪದರ ಒಣಗಿದ ಮೇಲೆ ಸಾವಿರ ಅಡಿ ದಾಟಿ ಕೊರೆಸುವುದು ಬೇಸಾಯವಲ್ಲ, ಇಸ್ಪೀಟು. ಬೋರ್ ಲಾರಿಯವನಿಗೆ ಅಡಿ ಲೆಕ್ಕದಲ್ಲಿ ದುಡ್ಡು. ನೀರು ಬರಲಿ ಬಿಡಲಿ, ಅವನ ಬಾಬ್ತು ಅವನಿಗೆ ಬಂತು. ಸಾಲ ಮಾತ್ರ ನಿಮ್ಮ ಪಹಣಿ ಮೇಲೆ ಕೂತಿತು.

ಆಮೇಲೆ ಗೊಬ್ಬರದ ಬಾಕಿ. 1992ರಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದು, ಯೂರಿಯಾದ್ದನ್ನು ಮಾತ್ರ ಉಳಿಸಿಕೊಂಡಿತು. ಯೂರಿಯಾ ಅಗ್ಗವಾಯಿತು, ಉಳಿದದ್ದು ದುಬಾರಿಯಾಯಿತು. ಅಗ್ಗದ್ದನ್ನು ನಾವು ಹೆಚ್ಚು ಸುರಿದೆವು. ಸಾರಜನಕ ಅತಿಯಾದರೆ ಪೈರು ಸೊಂಪಾಗಿ ಏಳುತ್ತದೆ, ರಸ ಹೀರುವ ಹುಳುಗಳಿಗೆ ಹಬ್ಬ. ಮರುವಾರ ಔಷಧಿ ಅಂಗಡಿಯವನಿಗೆ ಹಬ್ಬ. ದಿಲ್ಲಿಯಲ್ಲಿ ಕೂತು ಕಟ್ಟಿದ ಬೆಲೆ ನಮ್ಮ ಮಣ್ಣನ್ನು ಕೆಡಿಸಿದ್ದು ಹೀಗೆ. ಈ ಲೆಕ್ಕವನ್ನು ರೈತನ ಮಕ್ಕಳು ಓದದೆ ಮತ್ತಾರು ಓದಬೇಕು?

ನೀಲಗಿರಿಯ ಕಥೆ ನೆನಪಿಸಿಕೊಳ್ಳಿ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತು, ಹುಣಸೆ ಮಾವು ಹಾಕಿದರು. 1987ರ ನವೆಂಬರಿನಲ್ಲಿ ಕುಸನೂರಿನ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ‘ನೀಲಗಿರಿ ನೀರು ಹೀರುತ್ತದೆ ಅನ್ನೋದಕ್ಕೆ ಪುರಾವೆ ಏನು?’ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ರಾಜ್ಯ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ರೈತನ ಕಣ್ಣಿಗೆ ಕಂಡದ್ದು ಸರ್ಕಾರದ ಕಾಗದಕ್ಕೆ ಇಳಿಯಲು 34 ವರ್ಷ! ಪುರಾವೆ ನಮ್ಮ ಬಾವಿಗಳಲ್ಲೇ ಇತ್ತು. ಅದನ್ನು ಅಳೆದು, ಬರೆದು, ಅಧಿಕಾರಿಯ ಮೇಜಿನ ಮೇಲೆ ಇಡಬಲ್ಲ ಮಕ್ಕಳು ಊರೂರಲ್ಲಿ ಇದ್ದಿದ್ದರೆ ಇಷ್ಟು ತಡವಾಗುತ್ತಿತ್ತೇ?

‘ಪರಿಸರ ಎಲ್ಲರಿಗೂ ಕಡ್ಡಾಯ ಇದೆಯಲ್ಲ’ ಎಂದು ಮಕ್ಕಳು ಹೇಳಬಹುದು. ನಿಜ. ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂಬ ನಿರ್ದೇಶನವನ್ನು ಸುಪ್ರೀಂ ಕೋರ್ಟು ಕೊಟ್ಟದ್ದು 1991ರಲ್ಲಿ. ಅದರಂತೆ 2004ರ ಹೊತ್ತಿಗೆ ಪದವಿಗೆ ಆರು ತಿಂಗಳ ಪಾಠಕ್ರಮ ಬಂತು. ಆದರೆ ಪರೀಕ್ಷೆಗೆ ಹದಿನೈದು ದಿನವಿದ್ದಾಗ ಗೈಡು ತಂದು, ಓಝೋನ್ ಪದರದ ಮೇಲೆ ಟಿಪ್ಪಣಿ ಉರು ಹೊಡೆದು ಪಾಸಾದರೆ ಹೊಲಕ್ಕೇನು ಬಂತು? ಕಡ್ಡಾಯದ್ದು ದಾಟಿಸುವ ಪೇಪರು. ಆರಿಸಿಕೊಂಡದ್ದು ಓದುವ ಪೇಪರು ಆಗಬೇಕು.

ಅದಕ್ಕೇ ಮೂರು ಪ್ರಶ್ನೆ ಕೇಳಿ. ಈ ವಿಷಯದಲ್ಲಿ ಹೊರಗೆ ಹೋಗಿ ಮಾಡುವ ಕೆಲಸ ಇದೆಯೋ, ಬರೀ ಕೋಣೆಯ ಪಾಠವೋ? ನಮ್ಮ ಜಿಲ್ಲೆಯ ಮಣ್ಣು, ಮಳೆ, ಕೆರೆಗಳ ಮಾತು ಬರುತ್ತದೆಯೋ? ಯಾರು ಕೆಡಿಸಿದರು, ಯಾರು ತೆತ್ತರು ಎಂಬ ಹಣದ ಲೆಕ್ಕ ಇದೆಯೋ? ಕೊನೆಯದು ಮುಖ್ಯ. ನೆಲ ಕೆಡಿಸಿದವನು ರೈತನೇ ಎಂದು ಬರೆದು ಕೈತೊಳೆದುಕೊಳ್ಳುವ ಪುಸ್ತಕಗಳೂ ಇವೆ. ‘ಹೆಚ್ಚು ಸುರಿಯುವಂತೆ ಬೆಲೆ ಕಟ್ಟಿದವರು ಯಾರು ಸಾರ್?’ ಎಂದು ಕೇಳುವ ಧೈರ್ಯ ನಿಮ್ಮ ಮಗಳಿಗೆ ಬರಲಿ.

ಇದರಿಂದ ಕೂಡಲೇ ಕೆಲಸ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಹೇಗಿದ್ದರೂ ಒಂದು ವಿಷಯ ಆರಿಸಲೇಬೇಕಲ್ಲ? ಪ್ರಾಜೆಕ್ಟ್ ಮಾಡಬೇಕಾಗಿ ಬಂದರೆ ಊರಿನ ಕೊಳವೆಬಾವಿಗಳನ್ನೇ ಲೆಕ್ಕ ಹಾಕಲಿ. ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಎಷ್ಟು ದಿನ ನೀರು ಬಂತು, ಎಷ್ಟು ಸಾಲ ಉಳಿಯಿತು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಲಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿಸಿ. ಮುಂದಿನ ಬೋರಿಗೆ ಸಾಲ ಎತ್ತುವ ಮುಂಚೆ ನಾಲ್ಕು ಜನ ಯೋಚನೆ ಮಾಡಿದರೂ ಆ ವರ್ಷದ ಫೀಸು ಹುಟ್ಟಿತು.

ಶಿಕ್ಷಣ ನೀತಿ ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ಆದ್ದರಿಂದ ಈ ವರ್ಷದ ಪಟ್ಟಿ ಯಾವುದೆಂದು ಕಾಲೇಜಿಗೇ ಹೋಗಿ ಕೇಳಿ. ಅದರಲ್ಲಿ ನಮ್ಮ ಮಣ್ಣು ನೀರಿನ ವಿಷಯ ಇಲ್ಲದಿದ್ದರೆ ಹತ್ತು ಊರಿನ ತಂದೆತಾಯಿಗಳು ಒಟ್ಟಾಗಿ ಪ್ರಿನ್ಸಿಪಾಲರ ಮುಂದೆ ಕೂತು ‘ಯಾಕಿಲ್ಲ?’ ಅಂತ ಕೇಳಿ. ಮಂಡಿಯಲ್ಲಿ ತೂಕ ಕೇಳುವ ನಾವು ಕಾಲೇಜಿನಲ್ಲಿ ಪಾಠ ಕೇಳಲು ಯಾಕೆ ನಾಚಬೇಕು?