ಸಿಮ್ಯುಲೇಟರ್‌ನ್ಯಾಗ ಕೂತು ಪೈಲಟ್ ಆಗಬಹುದಾ? (ಭಾಗ 3)

ಹೋದ ಪೋಸ್ಟ್‌ಗೆ ಬಂದ ಕಮೆಂಟ್‌ಗಳಲ್ಲಿ ಭಾಳ ಮಂದಿ ಕೇಳಿದ್ದು ಒಂದೇ. "ಸಿಮ್ಯುಲೇಟರ್ ಇಷ್ಟು ಚಲೋ ಬಂದಾವ, ಮತ್ಯಾಕ ವಿಮಾನದಾಗೇ ಕಲೀಬೇಕು? ರೊಕ್ಕರೆ ಉಳೀತದಲ್ಲ?"

ರೊಕ್ಕದ ಮಾತು ಖರೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬರೋದ್ರಾಗ ಖರ್ಚು ನಲವತ್ತು ಲಕ್ಷ ದಾಟತದ. ಹುಣಸಗಿಯಲ್ಲಿ ಅಷ್ಟು ಅಂದ್ರ ಹೊಲ ಮಾರೋ ಮಾತು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯ್ತು, ಆಮೇಲೆ ತರಬೇತಿ ಶಾಲೆಗಳೂ ಬಂದವು. ದಾರಿ ಹತ್ತಿರ ಆಯ್ತು, ಫೀ ಮಾತ್ರ ಇನ್ನೂ ದೂರನೇ ಅದ.

ಆದ್ರೂ ನನ್ನ ಅಭಿಪ್ರಾಯ ಹೇಳ್ತೀನಿ: ಮೊದಲ ಹಂತದ ಹಾರಾಟದ ಗಂಟೆ ಕಡಿಮೆ ಮಾಡಬಾರದು. ಡಿಜಿಸಿಎ ನಿಯಮದ ಪ್ರಕಾರ ಈ ಲೈಸೆನ್ಸ್‌ಗೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಜವಾಬ್ದಾರಿ ನಿಮ್ಮದೇ. ಹೊರಗ ನೋಡದೆ ಬರೀ ಮೀಟರ್ ನೋಡಿ ಹಾರಿಸೋದು 10 ಗಂಟೆ. ಅದರಲ್ಲಿ ಸಿಮ್ಯುಲೇಟರ್‌ಗೆ ಬಿಟ್ಟಿರೋದು ಹೆಚ್ಚಂದ್ರ 5. ಜಿಪುಣತನ ಅನ್ನಿಸಬಹುದು. ನನಗ ಅದು ಸರಿ ಅನ್ನಸ್ತದ.

ಯಾಕಂದ್ರ ನಮ್ಮ ತಾಲೂಕನ್ನೇ ನೋಡ್ರಿ. ಒಂದು ಕಡಿ ನಾರಾಯಣಪುರ ಕಾಲುವೆ ನೀರಿನ ಭತ್ತದ ಗದ್ದೆ, ಇನ್ನೊಂದು ಕಡಿ ತೊಗರಿ ಕಿತ್ತು ಬರಿದಾದ ಎರಿ ಹೊಲ. ಮಾರ್ಚ್ ಮಧ್ಯಾಹ್ನ ಸಣ್ಣ ಸೆಸ್ನಾ ಆ ಎರಿ ಹೊಲದ ಮ್ಯಾಲೆ ಬಂದ್ರ ಕಾದ ಗಾಳಿ ಕೆಳಗಿಂದ ಎತ್ತಿ ಒಗೀತದ. ಗದ್ದೆ ಮ್ಯಾಲೆ ಹೋದ ಕೂಡ್ಲೆ ಆ ಎತ್ತು ಕೈ ಬಿಡ್ತದ. ಬಿಸಿಲು ಹೆಚ್ಚಾದಷ್ಟೂ ಗಾಳಿ ತೆಳು, ಮ್ಯಾಲೇಳಾಕ ರನ್‌ವೇ ಜಾಸ್ತಿ ಬೇಕು. ಇದನ್ನ ಮೊದಲು ತಿಳ್ಕೊಳ್ಳೋದು ಕೂತ ಸೀಟು, ಆಮೇಲೆ ಕಣ್ಣು. ಸಿಮ್ಯುಲೇಟರ್‌ನಲ್ಲೂ ಗಾಳಿ ಹಾಕಬಹುದು. ಆದ್ರ ಎಷ್ಟು ಕುಲುಕಬೇಕು ಅಂತ ಯಾರೋ ಮೊದಲೇ ಬರೆದಿಟ್ಟಿರ್ತಾರ, ಮತ್ತ ಕಲಿಕೆಯ ಶಾಲೆಗಳ ಸಿಮ್ಯುಲೇಟರ್ ಬಹುತೇಕ ನಿಂತಲ್ಲಿಂದ ಅಲುಗಾಡೋದೇ ಇಲ್ಲ. ಮೊದಲ ಸಲ ಒಬ್ಬರೇ ಹಾರುವಾಗ ಪಕ್ಕದ ಗುರು ಇಳಿದಿರ್ತಾರ, ಆ ತೂಕ ಇಲ್ಲದ್ದಕ್ಕ ವಿಮಾನ ದಿನಕ್ಕಿಂತ ಜಲ್ದಿ ಏರ್ತದ. ಆಗ ಎದ್ಯಾಗ ಆಗೋದಕ್ಕ ಪಾಸ್ ಬಟನ್ ಇಲ್ಲ!

ಹಂಗಂತ ಸಿಮ್ಯುಲೇಟರ್ ಆಟಿಕೆ ಅಂತಿಲ್ಲ. ಅದಕ್ಕ ಬೆಲೆ ಬಂದಿದ್ದೇ ಬ್ಯಾರೆ ಕೆಲಸಕ್ಕ. ಎಡ್ವಿನ್ ಲಿಂಕ್ ಅನ್ನೋ ಅಮೆರಿಕದವ ತನ್ನಪ್ಪನ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿ ಬಳಸಿ 1929ರ ಸುಮಾರಿಗೆ ಮೊದಲ ಟ್ರೇನರ್ ಮಾಡಿದ. ತಿದಿ ಅಂದ್ರ ನಮ್ಮ ಕಮ್ಮಾರರ ಕುಲುಮ್ಯಾಗ ಇರೋದೇ. ಯಾರೂ ಅಷ್ಟಾಗಿ ಕೊಳ್ಳಲಿಲ್ಲ. 1934ರಲ್ಲಿ ಅಲ್ಲಿನ ಸೇನೆಗೆ ಅಂಚೆ ಸಾಗಿಸೋ ಕೆಲಸ ಬಂತು, ಕೆಟ್ಟ ಹವಾದಾಗ ಕೆಲವೇ ವಾರಗಳಲ್ಲಿ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೇನೆ ಆರು ಟ್ರೇನರ್ ಕೊಂಡಿತು. ಹಾರಲು ಬರುವವರಿಗೆ ಮೋಡದೊಳಗ ಮೀಟರ್ ನಂಬೋದು ಕಲಿಸಾಕ.

ಇವತ್ತಿಗೂ ಅದರ ಬಲ ಅಲ್ಲೇ. 300 ಅಡಿ ಎತ್ತರದಾಗ ಎಂಜಿನ್ ನಿಲ್ಲಿಸಿ ನೋಡೋಣು ಅಂತ ಯಾವ ಗುರುನೂ ಅನ್ನೋದಿಲ್ಲ. ಸಿಮ್ಯುಲೇಟರ್‌ನಲ್ಲಿ ದಿನಕ್ಕ ಹತ್ತು ಸಲ ನಿಲ್ಲಿಸಬಹುದು. ಚೆಕ್‌ಲಿಸ್ಟ್, ರೇಡಿಯೋ ಮಾತು, ಸ್ವಿಚ್‌ಗಳ ಜಾಗ, ಇವೆಲ್ಲ ಅಲ್ಲೇ ಬಾಯಿಪಾಠ ಆಗ್ಲಿ. ನನ್ನ ಕೇಳಿದ್ರ ನಮ್ಮ ಸರ್ಕಾರಿ ಪಿಯು ಕಾಲೇಜಿಗೊಂದು ಸಾದಾ ಸಿಮ್ಯುಲೇಟರ್ ಕೊಡಬೇಕು, ಹೊಲ ಮಾರೋಕ ಮೊದಲು ಹುಡುಗ್ರು ಹುಡುಗೇರು ಕೂತು ನೋಡ್ಲಿ.

ಮೊಬೈಲ್‌ನಲ್ಲಿ ಆಡೋ ದೋಸ್ತರಿಗೆ ಒಂದು ಮಾತು. ಆಟದಾಗ ಕಣ್ಣು ಮೀಟರ್‌ಗೆ ಅಂಟಿ ಬಿಡ್ತದ. ಖರೇ ವಿಮಾನದಾಗ ಹೊಸಬರು ನೋಡಬೇಕಾದ್ದು ಹೊರಗ, ದಿಗಂತ. ಈ ಚಟ ಬಿಡಿಸಾಕ ಗುರುಗಳಿಗೆ ಸಾಕಾಗ್ತದ, ಮತ್ತ ಅದಕ್ಕ ತಗಲೋ ಗಂಟೆ ರೊಕ್ಕ ನಿಮ್ಮದೇ.

ಮನ್ಯಾಗ ಯಾರಿಗಾದ್ರೂ ಅಡ್ಮಿಷನ್ ನೋಡ್ತಿದ್ರ ಪ್ಯಾಕೇಜ್ ಮೊತ್ತ ಕೇಳಿ ಸುಮ್ಮನಾಗಬ್ಯಾಡ್ರಿ. ಇದರಾಗ ವಿಮಾನದ ಗಂಟೆ ಎಷ್ಟು, ಸಿಮ್ಯುಲೇಟರ್ ಗಂಟೆ ಎಷ್ಟು, ಬರದು ಕೊಡ್ರಿ ಅನ್ರಿ.

ಭಾಗ 4: ಮೆಡಿಕಲ್ ಟೆಸ್ಟ್. ಕನ್ನಡಕದವರು ತಪ್ಪದೆ ಬರ್ರಿ.

#ಹುಣಸಗಿ #ಪೈಲಟ್‌ಕನಸು #ಕಲ್ಯಾಣಕರ್ನಾಟಕ