ಯಂತ್ರವೂ ಕೋಷ್ಟಕ ನೋಡಿ ಬರೆಯಲಿ

ಗಣಿತದ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯು ಲಘುಗಣಕಗಳನ್ನು ಬಾಯಿಪಾಠ ಮಾಡಿಕೊಂಡು ಬರಬೇಕೆಂದು ಯಾರೂ ಹೇಳುವುದಿಲ್ಲ. ಕೋಷ್ಟಕವನ್ನು ತೆರೆದು, ಸರಿಯಾದ ಸಾಲನ್ನು ಕಂಡುಹಿಡಿದು, ಅಂಕಿಯನ್ನು ಬರೆದುಕೊಳ್ಳುವುದೇ ಅಲ್ಲಿ ಜಾಣತನ. ಆದರೆ ಕೋಷ್ಟಕವೊಂದಿದ್ದರೆ ಸಾಲದು. ಅದನ್ನು ಓದುವ ಬಗೆಯೂ ಜೊತೆಯಲ್ಲಿ ಬರೆದಿರಬೇಕು. ಸೈನ್ ಕೋಷ್ಟಕದಲ್ಲಿ ಬಲಗಡೆಯ ವ್ಯತ್ಯಾಸಾಂಕವನ್ನು ಕೂಡಿಸಬೇಕು. ಕೊಸೈನ್ ಕೋಷ್ಟಕದಲ್ಲಿ ಅದನ್ನೇ ಕಳೆಯಬೇಕು. ಈ ಒಂದು ಸಾಲಿನ ಸೂಚನೆ ಬಿಟ್ಟುಹೋದರೆ, ಅಂಕಿಗಳೆಲ್ಲವೂ ಸರಿಯಾಗಿದ್ದೂ ಉತ್ತರ ತಪ್ಪಾಗುತ್ತದೆ. ಕೃತಕ ಬುದ್ಧಿಮತ್ತೆಯ ಕೈಗೆ ಬೀಗದ ಕೈಗೊಂಚಲನ್ನು ಒಪ್ಪಿಸಲು ಹೊರಟಿರುವ ನಾವು ಈ ಹಳೆಯ ಪಾಠವನ್ನು ಮರೆಯಲಾಗದು.

ಗೂಗಲ್ ಖಾತೆಯ ಮೂಲಕ ಮತ್ತೊಂದು ಜಾಲತಾಣವನ್ನು ಪ್ರವೇಶಿಸುವ ಅನುಭವ ನಮ್ಮ ವಾಚಕರಲ್ಲಿ ಅನೇಕರಿಗೆ ಇದ್ದೇ ಇದೆ. ಆಗ ಆ ಜಾಲತಾಣವು ಅವರ ಪಾಸ್‌ವರ್ಡನ್ನು ಕಾಣುವುದಿಲ್ಲ. ಗುರುತು ಪರೀಕ್ಷಿಸುವ ಸೇವೆಯೊಂದು ಬಂದವರು ಯಾರೆಂದು ತಿಳಿದುಕೊಂಡು, ಅಲ್ಪಕಾಲ ಮಾತ್ರ ಸಲ್ಲುವ ಸಂಕೇತವೊಂದನ್ನು ಜಾಲತಾಣಕ್ಕೆ ಕಳುಹಿಸುತ್ತದೆ. 2012ರಲ್ಲಿ ಪ್ರಕಟವಾದ ಓಆತ್ 2.0 ಹಾಗೂ 2014ರ ಓಪನ್‌ಐಡಿ ಕನೆಕ್ಟ್ ಎಂಬ ನಿಯಮಾವಳಿಗಳು ಈ ವ್ಯವಹಾರಕ್ಕೆ ಆಧಾರ. ಇದು ಸಾಗಬೇಕಾದರೆ ಜಾಲತಾಣವು ಮೊದಲೇ ಆ ಸೇವೆಯಲ್ಲಿ ನೋಂದಣಿಯಾಗಿರಬೇಕು. ಅದರ ಹೆಸರೇನು, ಸಂಕೇತವನ್ನು ಯಾವ ವಿಳಾಸಕ್ಕೆ ಕಳುಹಿಸಬೇಕು, ಅದು ತನ್ನ ಗುರುತನ್ನು ಹೇಗೆ ರುಜುವಾತುಪಡಿಸುತ್ತದೆ ಎಂಬ ವಿವರಗಳೆಲ್ಲ ಅಲ್ಲಿ ದಾಖಲಾಗುತ್ತವೆ. ಯಾವ ಅಂಕಣಕ್ಕೆ ಯಾವ ಹೆಸರು, ಅದರಲ್ಲಿ ಒಂದೇ ಮೌಲ್ಯವಿರಬೇಕೋ ಪಟ್ಟಿಯಿರಬೇಕೋ, ಯಾವುದು ಕಡ್ಡಾಯ ಎಂಬುದನ್ನು ತಿಳಿಸುವ ನಕ್ಷೆಗೇ ಸ್ಕೀಮಾ ಎಂದು ಹೆಸರು.

ಈ ದಾಖಲೆಗಳನ್ನು ತುಂಬುವ, ತಿದ್ದುವ ಕೆಲಸವನ್ನು ಈಗ ಎಐ ಏಜೆಂಟುಗಳಿಗೆ ವಹಿಸಲಾಗುತ್ತಿದೆ. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಒಪ್ಪಂದದಲ್ಲಿ ಏಜೆಂಟಿನ ಪ್ರತಿಯೊಂದು ಉಪಕರಣಕ್ಕೂ ಹೆಸರು, ವಿವರಣೆ, ಒಳಸೇರಿಸಬೇಕಾದ ಮಾಹಿತಿಯ ಸ್ಕೀಮಾ ಇವುಗಳನ್ನು ಬರೆದಿಡುವ ಪದ್ಧತಿಯಿದೆ. ಇಂಥ ಉಪಕರಣಗಳಲ್ಲಿ ಸ್ಕೀಮಾವನ್ನು ತೆರೆದು ತೋರಿಸುವುದೇ ಕೆಲಸವಾಗಿರುವ ಒಂದು ಉಪಕರಣವೂ ಇರಬೇಕು. ಏಜೆಂಟು ದಾಖಲೆಯನ್ನು ಮುಟ್ಟುವ ಮೊದಲು ಅದನ್ನು ಕೇಳಲೇಬೇಕು. ಇದು ನಮ್ಮ ಅಭಿಪ್ರಾಯ.

ಕಾರಣ ಸ್ಪಷ್ಟವಾಗಿದೆ. ಭಾಷಾ ಮಾದರಿಯು ಹಿಂದಿನ ಪದಗಳನ್ನು ನೋಡಿ ಮುಂದೆ ಬರಬಹುದಾದ ಪದವನ್ನು ಅಂದಾಜು ಮಾಡುವ ಯಂತ್ರ. ಸಂಕೇತ ಕಳುಹಿಸುವ ವಿಳಾಸದ ಅಂಕಣವನ್ನು ಒಂದು ಸೇವೆಯವರು ‘ರಿಡೈರೆಕ್ಟ್ ಯುಆರ್‌ಐಸ್’ ಎಂದೂ ಇನ್ನೊಂದು ಸೇವೆಯವರು ‘ಕಾಲ್‌ಬ್ಯಾಕ್ಸ್’ ಎಂದೂ ಕರೆಯುತ್ತಾರೆ. ಎರಡನ್ನೂ ಓದಿರುವ ಯಂತ್ರವು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದೀತು. ತಪ್ಪಾದರೂ ಅದು ಒಪ್ಪವಾಗಿಯೇ ಕಾಣುತ್ತದೆ.

ತಪ್ಪನ್ನು ಸೇವೆಯೇ ಹಿಡಿದು ಹಿಂತಿರುಗಿಸಲಾರದೆ ಎಂದು ಕೇಳಬಹುದು. ಯಾವಾಗಲೂ ಹಾಗಾಗುವುದಿಲ್ಲ. 2015ರಲ್ಲಿ ಪ್ರಕಟವಾದ ಓಆತ್ ನೋಂದಣಿಯ ನಿಯಮಾವಳಿಯ ಪ್ರಕಾರ, ತನಗೆ ಅರ್ಥವಾಗದ ಅಂಕಣವನ್ನು ಸೇವೆಯು ಕಡೆಗಣಿಸಬೇಕು. ಖಾಸಗಿ ಕೀಲಿಯಿಂದ ಗುರುತು ತೋರಿಸುವ ಬಲವಾದ ವಿಧಾನವನ್ನು ಏಜೆಂಟು ಆರಿಸಿತೆನ್ನೋಣ; ಆದರೆ ಅಂಕಣದ ಹೆಸರಿನಲ್ಲಿ ಒಂದಕ್ಷರ ತಪ್ಪಿತು. ಆಗ ಆ ಸಾಲು ಸದ್ದಿಲ್ಲದೆ ಮಾಯವಾಗಿ, ಅಂಕಣ ಖಾಲಿಯಿದ್ದಾಗ ಅನ್ವಯಿಸುವ ಸಾಧಾರಣ ವಿಧಾನವೇ, ಅಂದರೆ ಇಬ್ಬರೂ ಹಂಚಿಕೊಂಡ ಗುಟ್ಟಿನ ಪದವೇ, ಜಾರಿಗೆ ಬರುತ್ತದೆ. ಕೆಲಸ ಸುಸೂತ್ರವಾಯಿತೆಂದು ಎಲ್ಲರೂ ತಿಳಿಯುತ್ತಾರೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆ ನಮಗೆ ಹೊಸದಲ್ಲ. ಇಲ್ಲಿ ದಿಡ್ಡಿ ತೆರೆದಿದೆಯೆಂಬುದೇ ಕಾವಲುಗಾರನಿಗೆ ತಿಳಿಯದು.

ಮುಂದಿನ ಮಾದರಿಗಳು ಎಲ್ಲವನ್ನೂ ನೆನಪಿನಲ್ಲಿಡುತ್ತವೆ, ಆಗ ಕೋಷ್ಟಕವೇಕೆ ಎಂದು ಕೆಲವರು ವಾದಿಸುತ್ತಾರೆ. ಈ ವಾದ ನಿಲ್ಲುವುದಿಲ್ಲ. ಮಾದರಿಯ ತರಬೇತಿ ಮುಗಿದ ಮರುದಿನವೇ ಸೇವೆಯವರು ಅಂಕಣವೊಂದನ್ನು ಬದಲಾಯಿಸಬಹುದು. ನಡೆಯದ ಸಂಗತಿಯನ್ನು ಯಾವ ನೆನಪೂ ಹಿಡಿದಿಡಲಾರದು. ಸ್ಕೀಮಾ ಪೂರ್ತಿಯನ್ನು ಪ್ರತಿ ಸಲವೂ ಯಂತ್ರದ ಮುಂದೆ ಸುರಿಯುವುದೂ ಸಲ್ಲದು. ಅದು ಒಮ್ಮೆಗೆ ಓದಬಲ್ಲ ಬರಹಕ್ಕೆ ಮಿತಿಯುಂಟು. ಬೇಕಾದ ಪುಟವನ್ನು ಬೇಕಾದಾಗ ತೆರೆಯುವುದೇ ಲೇಸು.

ಹೀಗಿರಲು ಆ ಉಪಕರಣದ ವಿವರಣೆಯನ್ನು ಬರೆಯುವವರ ಹೊಣೆ ಹಿರಿದು. ಅಂಕಣದ ಹೆಸರನ್ನಷ್ಟೇ ಕೊಟ್ಟು ಸುಮ್ಮನಾಗಬಾರದು. ಅದನ್ನು ಖಾಲಿ ಬಿಟ್ಟರೆ ಏನಾಗುತ್ತದೆ, ಯಾವ ಮೌಲ್ಯಗಳು ಸಲ್ಲುತ್ತವೆ, ಸ್ಕೀಮಾ ಎಷ್ಟನೆಯ ಆವೃತ್ತಿಯದು ಎಂಬುದನ್ನು ಹೇಳಬೇಕು. ಸರಿಯಾದ ಒಂದು ಉದಾಹರಣೆಯ ಪಕ್ಕದಲ್ಲಿ ತಪ್ಪಾದ ಒಂದನ್ನೂ ಇಡಬೇಕು. ಬರೆದಾದ ಮೇಲೆ ಸೇವೆಯು ಹಿಂದಿರುಗಿಸುವ ದಾಖಲೆಯನ್ನು ಓದಿ ಹೋಲಿಸಿ ನೋಡೆಂಬ ಆಜ್ಞೆಯೂ ಅಲ್ಲಿರಬೇಕು. ಮಸುಕಾದ ವಾಕ್ಯವನ್ನು ಕಂಡ ಮನುಷ್ಯನು ಪಕ್ಕದವರನ್ನು ಕೇಳಿಯಾನು. ಯಂತ್ರವು ಊಹಿಸಿ ಮುಂದೆ ಸಾಗೀತು.

ಸ್ಕೀಮಾ ನೋಡಿದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ನಾವು ಹೇಳುತ್ತಿಲ್ಲ. ಅದು ಪರೀಕ್ಷಿಸುವುದು ಆಕಾರವನ್ನು, ಉದ್ದೇಶವನ್ನಲ್ಲ. ಸಂಕೇತ ಹೋಗುವ ವಿಳಾಸವು, ಒಂದು ಸಣ್ಣ ವಿನಾಯಿತಿಯ ಹೊರತು, ನೋಂದಣಿಯಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕೆಂದು 2025ರ ಜನವರಿಯಲ್ಲಿ ಪ್ರಕಟವಾದ ಓಆತ್ ಸುರಕ್ಷತಾ ಮಾರ್ಗದರ್ಶಿಯು ವಿಧಿಸಿದೆ. ಆದರೆ ನೋಂದಾಯಿಸಿದ ವಿಳಾಸವೇ ಕಳ್ಳನದಾದರೆ ಅದೂ ಸ್ಕೀಮಾದ ಆಕಾರಕ್ಕೆ ಸರಿಯಾಗಿಯೇ ಇರುತ್ತದೆ. ಆದಕಾರಣ ವಿಳಾಸ, ಕೀಲಿ, ಅಧಿಕಾರ ಈ ಮೂರರಲ್ಲಿ ಯಾವುದನ್ನು ಬದಲಿಸುವಾಗಲೂ ಮನುಷ್ಯನೊಬ್ಬನ ಒಪ್ಪಿಗೆ ಕಡ್ಡಾಯವಾಗಬೇಕು.

ಇಂಥ ವಿವರಣೆಗಳನ್ನು ನಾಳೆ ಬರೆಯಬೇಕಾದವರು ಇಂದು ಶಾಲೆ ಕಾಲೇಜುಗಳಲ್ಲಿ ಕುಳಿತಿದ್ದಾರೆ. ಪ್ರಯೋಗದ ಟಿಪ್ಪಣಿಯನ್ನು ಬೇರೊಬ್ಬರು ಓದಿ ಅದೇ ಪ್ರಯೋಗವನ್ನು ಮಾಡುವಂತೆ ಬರೆಯುವ ಅಭ್ಯಾಸವನ್ನು ಅವರು ಈಗಲೇ ಬೆಳೆಸಿಕೊಳ್ಳಲಿ. ಅದೇ ಶಿಸ್ತು ಮುಂದೆ ಲಕ್ಷಾಂತರ ಜನರ ಖಾತೆಗಳ ಬಾಗಿಲನ್ನು ಕಾಯಬಲ್ಲದು.