ನೆಗ್ಗಿದ ರೆಕ್ಕೆ, ಬಳಿದ ಬಣ್ಣ

ಆಲಿಕಲ್ಲು ಎಂದರೆ ಕಲ್ಯಾಣದಲ್ಲಿರುವ ನಮಗೆ ಬಹುಮಟ್ಟಿಗೆ ಬೇರೆ ಊರಿನ ಸುದ್ದಿ. ಕಡಲಿಗೆ ಹತ್ತಿರದ ಈ ನೆಲದಲ್ಲಿ ಮಳೆ ಧಾರಾಳ, ಕಲ್ಲು ಅಪರೂಪ. ಕಸಾರಾ ಲೋಕಲ್ಲಿನ ಕೊನೆಯ ನಿಲ್ದಾಣ ದಾಟಿ ಘಾಟಿ ಏರಿದರೆ ಮಾತು ಬೇರೆ. ನಾಸಿಕದ ದ್ರಾಕ್ಷಿ ಬೆಳೆಗಾರನಿಗೆ ಫೆಬ್ರವರಿ–ಮಾರ್ಚಿನಲ್ಲಿ ಮೋಡ ಕಂಡರೆ ನಿದ್ದೆ ಬಾರದು. 2014ರ ಅದೇ ತಿಂಗಳುಗಳಲ್ಲಿ ಮರಾಠವಾಡ, ವಿದರ್ಭ ಮತ್ತು ಉತ್ತರ ಕರ್ನಾಟಕದ ಹೊಲಗಳ ಮೇಲೆ ಸುರಿದ ಕಲ್ಲುಮಳೆಯ ನೆನಪು, ಬೀದರ್–ವಿಜಯಪುರದ ಕಡೆ ಬಂಧುಗಳಿರುವ ನಮ್ಮಲ್ಲಿ ಹಲವರಿಗೆ ಇನ್ನೂ ಮಾಸಿಲ್ಲ. ರೈತನ ಆ ನಷ್ಟದ ಬಗ್ಗೆ ಬಲ್ಲವರು ಬರೆದಿದ್ದಾರೆ, ಬರೆಯುತ್ತಲೂ ಇರಬೇಕು. ನಾನು ಇಲ್ಲಿ ಎತ್ತಿಕೊಂಡಿರುವುದು ಅದೇ ಕಲ್ಲಿನ ಪೆಟ್ಟಿಗೆ ಸಿಕ್ಕುವ ಇನ್ನೊಂದು ವಸ್ತುವನ್ನು: ಬಯಲಿನಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ಖಾಸಗಿ ಒಡೆತನದ ಸಣ್ಣ ವಿಮಾನವನ್ನು.

ವಿಮಾನ ಇಟ್ಟುಕೊಂಡವನ ಕಷ್ಟ ಲೋಕಲ್ಲಿನಲ್ಲಿ ನೇತಾಡುವ ನಮಗೇಕೆ ಎಂದು ಕೇಳುವವರಿರಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಸಣ್ಣ ವಿಮಾನ ಒಬ್ಬನ ಕೈಯಲ್ಲೇ ಮುದಿಯಾಗುವುದಿಲ್ಲ. ನಮ್ಮ ಸ್ಕೂಟರಿನಂತೆ ಅದೂ ಕೈ ಬದಲಿಸುತ್ತದೆ. ಒಡೆಯನಿಂದ ಒಡೆಯನಿಗೆ, ಕೆಲವೊಮ್ಮೆ ತರಬೇತಿ ಶಾಲೆಗೆ ಹೋಗುತ್ತದೆ. 1950ರ ದಶಕದಲ್ಲಿ ಮೊದಲು ಹಾರಿದ ಸೆಸ್ನಾ 172 ಮಾದರಿಯ ಹಳೆಯ ವಿಮಾನಗಳು ಜಗತ್ತಿನಲ್ಲಿ ಇಂದಿಗೂ ಹಾರುತ್ತಿವೆ. 2025ರ ಅಕ್ಟೋಬರ್ 8ರಂದು ನವಿ ಮುಂಬಯಿಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಈ ಭಾಗದ ಎಳೆಯರ ಬಾಯಲ್ಲಿ ಪೈಲಟ್ ಆಗುವ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಅವರು ಹಾರಲು ಕಲಿಯುವುದು ಧುಳೆಯಲ್ಲೋ ಬಾರಾಮತಿಯಲ್ಲೋ ಬೆಂಗಳೂರಿನ ಜಕ್ಕೂರಿನಲ್ಲೋ, ಇಂಥ ಸಣ್ಣ ವಿಮಾನಗಳಲ್ಲಿ. ಸಾಲ ಮಾಡಿ ಮಗಳನ್ನು ಅದರಲ್ಲಿ ಕೂರಿಸುವ ತಂದೆಗೆ, ಆ ಬಣ್ಣದ ಕೆಳಗೆ ಏನಿದೆ ಎಂಬುದು ಪರರ ಮನೆಯ ವಿಷಯವಲ್ಲ.

ನನ್ನ ಮಾತು ಇಷ್ಟೇ: ಆಲಿಕಲ್ಲಿನ ನೆಗ್ಗನ್ನು ಕಾಣದಂತೆ ಮಾಡುವುದು ದುರಸ್ತಿಯಲ್ಲ. ಪೆಟ್ಟು ಒಳಗೆ ಏನು ಮಾಡಿದೆ ಎಂದು ಹುಡುಕುವುದು, ಕಂಡದ್ದನ್ನು ಬರೆದಿಡುವುದು ದುರಸ್ತಿ. ಇವೆರಡನ್ನೂ ಮಾಡಿದ ಮೇಲೆ ನೆಗ್ಗು ಹಾಗೆಯೇ ಉಳಿದರೂ ಅನೇಕ ಸಂದರ್ಭಗಳಲ್ಲಿ ಬಾಧಕವಿಲ್ಲ. ಇವೆರಡನ್ನೂ ಬಿಟ್ಟರೆ ರೆಕ್ಕೆ ಕನ್ನಡಿಯಂತೆ ಹೊಳೆದರೂ ಪ್ರಯೋಜನವಿಲ್ಲ.

ಪೆಟ್ಟಿನ ಬಲವನ್ನು ಮೊದಲು ನೋಡೋಣ. ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ಅಡ್ಡಗಲದ ಆಲಿಕಲ್ಲು ಗಂಟೆಗೆ ಸುಮಾರು 40ರಿಂದ 65 ಕಿಲೋಮೀಟರ್ ವೇಗದಲ್ಲಿ ಬೀಳುತ್ತದೆ. ಸಣ್ಣ ವಿಮಾನದ ಅಲ್ಯೂಮಿನಿಯಮ್ ಹೊದಿಕೆಯ ದಪ್ಪ ಹಲವು ಕಡೆ ಒಂದು ಮಿಲಿಮೀಟರೂ ಇರುವುದಿಲ್ಲ. ಬಾಲದ ಹಾಗೂ ರೆಕ್ಕೆಯಂಚಿನ ಚಲಿಸುವ ಭಾಗಗಳಲ್ಲಿ ಅದರ ಅರ್ಧಕ್ಕೂ ಇಳಿಯುತ್ತದೆ. ನಿಂತ ವಿಮಾನದ ಪಾಡು ಇದು. ಹಾರುತ್ತಿರುವಾಗ ಸಿಕ್ಕಿಬಿದ್ದರೆ ವಿಮಾನದ ವೇಗವೂ ಪೆಟ್ಟಿಗೆ ಸೇರುತ್ತದೆ. 2025ರ ಮೇ 21ರಂದು ದಿಲ್ಲಿಯಿಂದ ಶ್ರೀನಗರಕ್ಕೆ ಹೊರಟ ಪ್ರಯಾಣಿಕ ವಿಮಾನದ ಮೂಗು ಆಲಿಕಲ್ಲಿನಿಂದ ಒಡೆದುಹೋದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದು ಸುರಕ್ಷಿತವಾಗಿ ಇಳಿಯಿತು. ದೊಡ್ಡ ಕಂಪನಿಗೆ ಬದಲಿ ಭಾಗವೂ ಉಂಟು, ಎಂಜಿನಿಯರುಗಳ ಪಡೆಯೂ ಉಂಟು. ಒಂದೇ ವಿಮಾನದ ಒಡೆಯನಿಗೆ ಎರಡೂ ಇಲ್ಲ. ಪ್ರಲೋಭನೆ ಹುಟ್ಟುವುದು ಅಲ್ಲಿ.

ಗಾಯವನ್ನು ಹೇಳಿಕೊಳ್ಳುವ ರೀತಿ ಎಲ್ಲ ವಿಮಾನಗಳಲ್ಲೂ ಒಂದೇ ಅಲ್ಲ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಜುಹೂಗೆ ಅಂಚೆ ತಂದ ಪುಸ್ ಮಾತ್ ವಿಮಾನವನ್ನು ನೆನೆಯಿರಿ. ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಅವರು ಮುಂದೆ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಅದು ಉಕ್ಕಿನ ಕೊಳವೆ ಮತ್ತು ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದ ವಿಮಾನ. ಬಟ್ಟೆಗೆ ಕಲ್ಲು ಬಿದ್ದರೆ ಹರಿಯುತ್ತದೆ. ಹರಿದದ್ದು ಕುರುಡನಿಗೂ ಕೈಗೆ ತಿಳಿಯುತ್ತದೆ. ತೇಪೆ ಹಾಕಿ, ಹೊಲಿದು, ಅಂಟು ಬಳಿದು ಬಿಗಿಯಬೇಕು.

ಲೋಹ ಗಾಯವನ್ನು ಅರ್ಧ ಹೇಳುತ್ತದೆ, ಅರ್ಧ ಬಚ್ಚಿಡುತ್ತದೆ. ನೆಗ್ಗು ಮೇಲೆ ಕಾಣುತ್ತದೆ. ಅದರಡಿಯ ಪಕ್ಕೆಲುಬು ಬಾಗಿತೇ, ರಿವೆಟ್ ಸಡಿಲವಾಯಿತೇ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಿತೇ ಎಂಬುದು ಕಾಣುವುದಿಲ್ಲ. ಆದ್ದರಿಂದಲೇ ನುರಿತವರು ಹ್ಯಾಂಗರಿನ ಬೆಳಕು ತಗ್ಗಿಸಿ, ಓರೆಯಾಗಿ ದೀಪ ಹಿಡಿದು ಒಂದೊಂದೇ ನೆಗ್ಗನ್ನು ಗುರುತು ಹಾಕುತ್ತಾರೆ. ಅನುಮಾನವಿದ್ದಲ್ಲಿ ಬಣ್ಣದ ದ್ರವ ಸವರಿ ಬಿರುಕು ಹುಡುಕುತ್ತಾರೆ. ತಾಮ್ರದ ಕೊಡ ನೆಗ್ಗಿದರೆ ಒಳಗಿನಿಂದ ತಟ್ಟಿ ಎಬ್ಬಿಸುವುದನ್ನು ನಾವು ಕಂಡವರು. ವಿಮಾನದ ತಗಡಿಗೆ ಆ ಉಪಾಯ ಎಲ್ಲ ಕಡೆಯೂ ಸಲ್ಲದು. ಪೆಟ್ಟಿಗೆ ಹಿಗ್ಗಿದ ಲೋಹ ಮತ್ತೆ ಕುಗ್ಗುವುದಿಲ್ಲ. ಬಲವಂತ ಮಾಡಿದರೆ ಎಣ್ಣೆಡಬ್ಬಿಯ ತಳದಂತೆ ಒಳಕ್ಕೂ ಹೊರಕ್ಕೂ ಪುಟಿಯುತ್ತದೆ.

ಇನ್ನು ಗಾಜಿನ ನಾರು, ರಾಳಗಳಿಂದ ಮಾಡಿದ ವಿಮಾನ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಎರಡಾಸನದ ‘ಹಂಸ’ ಈ ಜಾತಿಯದು. 1993ರಲ್ಲಿ ಮೊದಲು ಹಾರಿತು, ಅದರ ಹೊಸ ಪೀಳಿಗೆ 2021ರಲ್ಲಿ. ಇಂಥ ಹೊದಿಕೆ ಪೆಟ್ಟು ತಿಂದು ಮತ್ತೆ ಪುಟಿದು ನಿಲ್ಲಬಲ್ಲದು. ಮೇಲೆ ಗೀರೂ ಇಲ್ಲದಿರಬಹುದು, ಒಳಗೆ ಪದರ ಪದರವೇ ಬಿಟ್ಟಿರಬಹುದು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳು ಮಡಿಸಿ ತಟ್ಟಿ ನೋಡುವಂತೆ, ಇಲ್ಲಿ ನಾಣ್ಯದಿಂದ ಮೆಲ್ಲನೆ ತಟ್ಟುತ್ತ ಹೋಗುತ್ತಾರೆ. ಸದ್ದು ಮಂದವಾದಲ್ಲಿ ಗಾಯವಿದೆ. ವಿಮಾನ ಹೊಸದಾದಷ್ಟೂ ಅದರ ಗಾಯ ಮೌನಿಯಾಗುತ್ತಿದೆ. ಹಾಗಾಗಿ ಕೇಳುವ ಕಿವಿಯೂ ಬರೆದಿಡುವ ಕೈಯೂ ಹಿಂದಿಗಿಂತ ಇಂದು ಹೆಚ್ಚು ಬೇಕು.

ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆದರೆ ಏನಾಗುತ್ತದೆ? ಕಾರಿಗಾದರೆ ಏನೂ ಆಗುವುದಿಲ್ಲ. ನಮ್ಮ ಗ್ಯಾರೇಜುಗಳ ‘ಡೆಂಟಿಂಗ್–ಪೇಂಟಿಂಗ್’ ಫಲಕ ಹೇಳುವುದೂ ಅಷ್ಟನ್ನೇ. ರೆಕ್ಕೆಯ ಹಿಂದಂಚಿನ ಐಲರಾನ್, ಬಾಲದ ಎಲಿವೇಟರ್ ಇವುಗಳ ಮಾತು ಬೇರೆ. ಇವು ಕೀಲಿನ ಮೇಲೆ ತಕ್ಕಡಿಯಂತೆ ತೂಗಿ ನಿಂತಿರುತ್ತವೆ. ಕೀಲಿನ ಹಿಂದೆ ಪುಟ್ಟಿಯ ಭಾರ ಸೇರಿದರೆ ತೂಕ ತಪ್ಪುತ್ತದೆ. ಒಂದು ವೇಗ ಮೀರಿದಾಗ ಅದು ಗಾಳಿಯಲ್ಲಿ ಅದುರಲಾರಂಭಿಸುತ್ತದೆ; ‘ಫ್ಲಟರ್’ ಎಂದು ಕರೆಯುವ ಆ ಅದುರು ಕ್ಷಣಗಳಲ್ಲಿ ಭಾಗವನ್ನೇ ಕಿತ್ತೊಗೆಯಬಲ್ಲದು. ಬಣ್ಣ ಬಳಿದ ಮೇಲೂ ಇವುಗಳ ಸಮತೋಲವನ್ನು ಹೊಸದಾಗಿ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿ. ಅಂದಕ್ಕೆಂದು ಹಚ್ಚಿದ್ದು ಆಪತ್ತಾಗುವ ಬಗೆ ಇದು. ನೆಗ್ಗಿಗಿಂತ ನೆಗ್ಗಿನ ಮುಚ್ಚಳ ಅಪಾಯಕಾರಿ.

ಒಡೆಯನ ಪರವಾಗಿಯೂ ಒಂದು ಮಾತಿದೆ. ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಸಿಗಬೇಕು. ಭಾಗಗಳು ಹೊರದೇಶದಿಂದ ಬರಬೇಕು. ಅಷ್ಟು ದಿನ ವಿಮಾನ ನೆಲಕ್ಕಂಟಿ ನಿಲ್ಲಬೇಕು. ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಇದೆಲ್ಲ ನಿಜ. ಆದರೆ ಕಾನೂನು ಅವನನ್ನು ಅಂದಗಾರನಾಗು ಎಂದು ಕೇಳುತ್ತಿಲ್ಲ. ಯಾವ ಭಾಗದಲ್ಲಿ ಎಷ್ಟು ಆಳದ ನೆಗ್ಗು ಸಹ್ಯ ಎಂಬುದಕ್ಕೆ ತಯಾರಕರ ಕೈಪಿಡಿಗಳು ಮಿತಿ ಹಾಕಿಕೊಡುತ್ತವೆ. ಮಿತಿಯೊಳಗಿದ್ದರೆ ಅಳೆದು, ಬರೆದು, ಎಂಜಿನಿಯರ್ ಸಹಿ ಹಾಕಿದ ಮೇಲೆ ಹಾಗೆಯೇ ಬಿಡಬಹುದು. ಮಿತಿ ಮೀರಿದ್ದನ್ನು ಮಾತ್ರ ಬಿಚ್ಚಿ ಬದಲಿಸಬೇಕು. ನಿಜ ಹೇಳುವುದು ಎಷ್ಟೋ ಸಲ ಮುಚ್ಚುವುದಕ್ಕಿಂತ ಅಗ್ಗ. ಆದರೂ ಮುಚ್ಚುವುದೇಕೆ? ಮಾರುವ ದಿನ ಬರುತ್ತದೆ. ಕೊಳ್ಳುವವನು ಲಾಗ್‌ಬುಕ್ ತಿರುವುವ ಮೊದಲು ರೆಕ್ಕೆಯ ಮೇಲೆ ಕೈಯಾಡಿಸುತ್ತಾನೆ. ನಯವಾಗಿದ್ದರೆ ಬೆಲೆ ಏರುತ್ತದೆ, ನೆಗ್ಗಿದ್ದರೆ ಇಳಿಯುತ್ತದೆ. ತಪ್ಪಿನ ಅರ್ಧ ಪಾಲು ಕೊಳ್ಳುವವನ ಕಣ್ಣಿನದು.

ಈ ಕಣ್ಣಿನ ಪರಿಚಯ ನಮಗೆ ಚೆನ್ನಾಗಿಯೇ ಇದೆ. ಕಲ್ಯಾಣ, ಡೊಂಬಿವಲಿಗಳಲ್ಲಿ ಹಳೆಯ ಕಟ್ಟಡದ ಮನೆ ನೋಡಲು ಹೋದ ನಾವು ಹೊಸ ಬಣ್ಣ, ಹೊಸ ಟೈಲ್ಸ್ ನೋಡಿ ಮೆಚ್ಚಿ ಬರುತ್ತೇವೆ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯವೆಂದು ಗೊತ್ತಿದ್ದೂ ಅದರ ವರದಿ ಕೇಳುವವರು ವಿರಳ. 2025ರ ಮೇ 20ರಂದು ಕಲ್ಯಾಣ ಪೂರ್ವದ ಒಂದು ಕಟ್ಟಡದಲ್ಲಿ, ನಾಲ್ಕನೆಯ ಮಹಡಿಯಲ್ಲಿ ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ನಡೆದಿದ್ದಾಗ ಸ್ಲ್ಯಾಬ್ ಕುಸಿದು ಆರು ಮಂದಿ ಸತ್ತರು. ರೆಕ್ಕೆಯೂ ಸ್ಲ್ಯಾಬೂ ಬೇರೆ ಬೇರೆ. ಮೇಲ್ಮೈ ನೋಡಿ ಒಳಗನ್ನು ನಂಬುವ ನಮ್ಮ ಅಭ್ಯಾಸ ಮಾತ್ರ ಒಂದೇ.

ಆದ್ದರಿಂದ ಮೂರು ಮಾತು. ಸಣ್ಣ ವಿಮಾನಗಳು ನಿಲ್ಲುವ ಒಳನಾಡಿನ ನಿಲ್ದಾಣಗಳಲ್ಲಿ ರನ್‌ವೇಯಷ್ಟೇ ಮುಖ್ಯವಾಗಿ ಸೂರಿನ ವ್ಯವಸ್ಥೆಯಾಗಲಿ. ಸೂರಿಲ್ಲದ ಕಡೆ ಎಲ್ಲ ಎಚ್ಚರಿಕೆಯೂ ಕಲ್ಲು ಬಿದ್ದ ಮೇಲಿನದು. ತರಬೇತಿ ಶಾಲೆಗಳು ತಮ್ಮ ವಿಮಾನ ತಿಂದ ಪೆಟ್ಟು, ಆದ ದುರಸ್ತಿ ಎಲ್ಲವನ್ನೂ ಕಲಿಯುವವರ ಮುಂದೆ ತೆರೆದಿಡಲಿ. ಕೇಳುವ ಹಕ್ಕು ತಮಗಿದೆಯೆಂದು ಹೆತ್ತವರೂ ತಿಳಿಯಲಿ. ಮತ್ತು ಕೊಳ್ಳುವವರು, ಬರಹದ ಸಾಕ್ಷಿಯಿರುವ ನೆಗ್ಗಿಗೆ ಸಾಕ್ಷಿಯಿಲ್ಲದ ನಯಕ್ಕಿಂತ ಹೆಚ್ಚಿನ ಬೆಲೆ ಕೊಡುವುದನ್ನು ಕಲಿಯಲಿ. ಮೊದಲನೆಯದಕ್ಕೆ ಸರ್ಕಾರದ ಹಣ ಬೇಕು, ಎರಡನೆಯದಕ್ಕೆ ನಿಯಮ ಬೇಕು. ಮೂರನೆಯದು ನಾಳೆ ಬೆಳಗ್ಗೆಯೇ ಆಗಬಲ್ಲದು.